ಕತಗಾಲದಲ್ಲಿ ಮುಚ್ಚಿದ ಪುಸ್ತಕ

ಕಳೆದ ಮಳೆಗಾಲದಲ್ಲಿ ಪುಸ್ತಕಗಳ ಬೂಷ್ಟು ಒರೆಸುತ್ತಿದ್ದಾಗ ದಪ್ಪನೆಯ ಕಾದಂಬರಿಯೊಂದು ಕೈಗೆ ಬಂತು. ಅಂಚಿನಲ್ಲಿ ಪೆನ್ಸಿಲ್ಲಿನ ಗೆರೆಗಳಿದ್ದವು, ಒಂದು ಕಡೆ “ಎಷ್ಟು ನಿಜ” ಎಂದು ಬರೆದಿತ್ತು, ನಡುವೆ ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ಟಿನ ಮಸಿ ಪೂರ್ತಿ ಮಾಸಿ ಬರಿಯ ಬಿಳಿ ಚೀಟಿಯಾಗಿತ್ತು. ಅಕ್ಷರ ನನ್ನದೇ, ಆದರೆ ನಿಜವೆಂದು ಒಪ್ಪಿಕೊಂಡದ್ದು ಯಾವ ಮಾತನ್ನು, ಅದನ್ನು ಯಾರು ಯಾರಿಗೆ ಹೇಳಿದ್ದು, ಕೊನೆಗೆ ಅವರ ಗತಿ ಏನಾಯಿತು ಎಂಬುದೊಂದೂ ನೆನಪಿರಲಿಲ್ಲ. ಎರಡು ವರ್ಷದ ಹಿಂದೆ ವಾರಗಟ್ಟಲೆ ನನ್ನ ಜೊತೆಗಿದ್ದ ಪುಸ್ತಕವದು. ಆ ಸಂಜೆ ನನಗಾದ ದುಃಖ ಸಣ್ಣದಲ್ಲ.

ನಾನು ಕುಮಟಾದವಳು, ಕೆಲಸ ಶಿರಸಿಯಲ್ಲಿ. ಶನಿವಾರ ಊರಿಗೆ ಇಳಿದು ಸೋಮವಾರ ಬೆಳಿಗ್ಗೆ ಮತ್ತೆ ಘಟ್ಟ ಹತ್ತುವ ಈ ಸುಮಾರು 60 ಕಿಲೋಮೀಟರ್ ದಾರಿಯಲ್ಲೇ ನನ್ನ ಹೆಚ್ಚಿನ ಓದು ನಡೆಯುತ್ತದೆ. ಕತಗಾಲ ದಾಟಿ ದೇವಿಮನೆ ಘಟ್ಟದ ತಿರುವುಗಳು ಶುರುವಾದರೆ ಅಕ್ಷರದ ಮೇಲೆ ಕಣ್ಣಿಟ್ಟ ಕೂಡಲೇ ಹೊಟ್ಟೆ ತೊಳಸುವುದರಿಂದ ಪುಸ್ತಕ ಮುಚ್ಚಲೇಬೇಕು; ಘಟ್ಟ ಮುಗಿದು ರಾಗಿಹೊಸಳ್ಳಿ ಬಂದ ಮೇಲೆ ಮತ್ತೆ ತೆರೆಯುತ್ತೇನೆ. ಆ ಕಾದಂಬರಿಯನ್ನು ಮರೆತ ಸಂಕಟದಲ್ಲಿ ಈಚೆಗೆ ಓದಿದ ಇತರ ಪುಸ್ತಕಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಲು ಕುಳಿತಾಗ ವಿಚಿತ್ರವಾದ ಸಂಗತಿಯೊಂದು ಗಮನಕ್ಕೆ ಬಂತು. ಕತಗಾಲಕ್ಕಿಂತ ಮೊದಲು ಓದಿದ ಭಾಗಗಳು ಅಷ್ಟಿಷ್ಟು ಉಳಿದಿದ್ದವು. ರಾಗಿಹೊಸಳ್ಳಿಯಿಂದ ಮುಂದೆ ಓದಿದ್ದು, ಶಿರಸಿಯ ನಿಲ್ದಾಣದಲ್ಲಿ ಇಳಿಯುವ ಗಡಿಬಿಡಿಯಲ್ಲಿ ಚೀಲಕ್ಕೆ ತುರುಕಿದ್ದು, ಹೆಚ್ಚುಕಡಿಮೆ ಎಲ್ಲವೂ ಹೋಗಿತ್ತು. ಘಟ್ಟದಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ, ಕಿಟಕಿಯಾಚೆಯ ಕಾಡು ನೋಡುತ್ತ, ಆಗಷ್ಟೇ ಓದಿದ್ದನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಹೇಳಿಕೊಳ್ಳುವಿಕೆಯೇ ಅವನ್ನು ಉಳಿಸಿತ್ತು.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಗಟ್ಟಿ ಆಧಾರವಿದೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ಚಿಕ್ಕ ಗದ್ಯಭಾಗಗಳನ್ನು ಓದಿದರು. ಒಂದನ್ನು ಮತ್ತೊಮ್ಮೆ ಓದಿಕೊಂಡರೆ, ಇನ್ನೊಂದನ್ನು ನೋಡದೆಯೇ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಲೆಕ್ಕ ತಿರುಗಿತು: ನೋಡದೆ ಬರೆದದ್ದರಲ್ಲಿ ಸುಮಾರು ಶೇಕಡಾ 56ರಷ್ಟು ಉಳಿದಿತ್ತು, ಮತ್ತೆ ಓದಿದ್ದರಲ್ಲಿ ಶೇಕಡಾ 42ರಷ್ಟು. ಪೆನ್ಸಿಲ್ಲಿನ ಗೆರೆಗಳು ನನಗೆ ಕೊಟ್ಟದ್ದು ಆ ಐದು ನಿಮಿಷದ ಧೈರ್ಯವನ್ನು ಮಾತ್ರ.

ನಮ್ಮ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ನನ್ನ ಅಜ್ಜನ ಮನೆ ಶಿರಸಿಯ ಹತ್ತಿರದ ಹಳ್ಳಿಯಲ್ಲಿತ್ತು. ಅಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಹಿರಿಯರೊಬ್ಬರು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದರು. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿರುತ್ತವೆ, ಭಾಗವತರು ಅವನ್ನು ಹಾಡುತ್ತಾರೆ. ಅರ್ಥವನ್ನು ಮಾತ್ರ ಯಾರೂ ಬರೆದುಕೊಡುವುದಿಲ್ಲ, ಅರ್ಥಧಾರಿ ಆಗಿಂದಾಗ್ಗೆ ತನ್ನ ಮಾತಿನಲ್ಲೇ ಕಟ್ಟಬೇಕು. ಅವರು ಮೆಟ್ಟುಗತ್ತಿಯ ಮೇಲೆ ಕುಳಿತು, ಬಾಯಲ್ಲಿ ಕವಳ ತುಂಬಿಕೊಂಡೇ, ಮರುವಾರದ ಕರ್ಣನ ಮಾತುಗಳನ್ನು ಸುತ್ತಲಿದ್ದವರಿಗೆ ಹೇಳುತ್ತಿದ್ದರು. “ಹಾಂಗಾರೆ ಶಲ್ಯ ರಥ ಬಿಟ್ಟು ಇಳಿದದ್ದು ಎಂತಕ್ಕೆ?” ಎಂದು ಸುಲಿಯುವವರಲ್ಲಿ ಒಬ್ಬರು ಕೇಳಿದರೆ ಕತ್ತಿಯ ಮೇಲಿನ ಕೈ ತಡೆದು ಒಂದು ಕ್ಷಣ ಯೋಚಿಸಿ, ತೊಟ್ಟ ಬಾಣವನ್ನು ಮತ್ತೆ ತೊಡಲಾರೆನೆಂದ ಕರ್ಣನ ಹಟದಿಂದ ಶುರುಮಾಡಿ ವಿವರಿಸುತ್ತಿದ್ದರು. ಓದುವ ಕನ್ನಡಕ ಅವರ ಕಿಸೆಯಲ್ಲೇ ಇರುತ್ತಿತ್ತು. ಅವರ ನೆನಪಿನ ಶಕ್ತಿ ದೈವದತ್ತವೆಂದು ಮನೆಯವರೆಲ್ಲ ಕೊಂಡಾಡುತ್ತಿದ್ದರು; ಪ್ರತಿ ರಾತ್ರಿ ಆ ರಾಶಿಯ ಮುಂದೆ ನಡೆಯುತ್ತಿದ್ದ ದುಡಿಮೆ ಅದು ಎಂದು ನನಗೆ ಈಗ ತಿಳಿಯುತ್ತಿದೆ.

ಹಾಗಾಗಿ ಈಗ ಓದಿಗಿಂತ ಮುಚ್ಚುವುದಕ್ಕೆ ಹೆಚ್ಚು ಬೆಲೆ ಕೊಡುತ್ತಿದ್ದೇನೆ. ಘಟ್ಟದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡದ್ದನ್ನು ಶಿರಸಿಯಲ್ಲಿ ಇಳಿದ ಮೇಲೆ ನಾಲ್ಕು ಸಾಲು ಬರೆಯುತ್ತೇನೆ, ಮುಂದಿನ ವಾರ ಪುಟ ತೆರೆಯುವ ಮೊದಲು ಆ ಸಾಲುಗಳನ್ನೂ ನೋಡದೆ ಇನ್ನೊಮ್ಮೆ ಹೇಳಿಕೊಳ್ಳುತ್ತೇನೆ. ಓದು ನಿಧಾನವಾಗಿದೆ, ಅದಕ್ಕೆ ಬೇಸರವಿಲ್ಲ. ಆದರೆ ಪುಸ್ತಕದೊಂದಿಗೆ ತಾಳೆ ನೋಡುವುದನ್ನು ಬಿಡುವಂತಿಲ್ಲ. ಒಂದು ಕತೆಯ ಅಂಗಳದಲ್ಲಿ ಬಾವಿಯಿತ್ತೆಂದು ಎರಡು ವಾರ ನಂಬಿದ್ದೆ. ಪುಟ ತಿರುವಿದರೆ ಬಾವಿಯೇ ಇಲ್ಲ, ಅದು ಕುಮಟಾದ ನಮ್ಮ ಮನೆಯ ಬಾವಿ. ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ. ಅಮೆರಿಕದ ಮೂಲನಿವಾಸಿಗಳ ಕತೆಯೊಂದನ್ನು ಓದಿದ ಇಂಗ್ಲಿಷ್ ಓದುಗರು ಅದನ್ನು ನೆನಪಿನಿಂದ ಹೇಳುವಾಗ ಅಲ್ಲಿನ ‘ಕನೂ’ ಎಂಬ ಕಿರಿದಾದ ಹುಟ್ಟುದೋಣಿ ಇವರ ಬಾಯಲ್ಲಿ ಸಾಮಾನ್ಯ ದೋಣಿಯಾಗಿತ್ತು.

ಮರೆತಿದ್ದ ಆ ಕಾದಂಬರಿಯನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ. ಈ ಸೋಮವಾರ ಕತಗಾಲದಲ್ಲಿ ಮುಚ್ಚಿದಾಗ ಮೂರನೆಯ ಅಧ್ಯಾಯದ ತಂಗಿ ಮನೆ ಬಿಟ್ಟು ಹೋದ ಕಾರಣ ಎಷ್ಟು ತಡಕಿದರೂ ಸಿಗಲಿಲ್ಲ, ಆದರೂ ತೆರೆದು ನೋಡಲಿಲ್ಲ. ದೇವಿಮನೆಯ ಗುಡಿಯೆದುರು ಬಸ್ಸು ನಿಧಾನಿಸಿದಾಗ ಅವಳು ಅಡುಗೆಮನೆಯ ಕಿಟಕಿಯಲ್ಲಿ ಮಡಚಿಟ್ಟ ಕಾಗದ ನೆನಪಿಗೆ ಬಂತು. ಅದರಲ್ಲಿ ಏನು ಬರೆದಿತ್ತೆಂಬುದು ರಾಗಿಹೊಸಳ್ಳಿಯವರೆಗೂ ಬರಲಿಲ್ಲ.