ಅಪ್ಪನ ಕಿವಿಯೊಳಗಿನ ಮಿಲ್ಲು

"ಬೇಕಾದ್ದು ಅಷ್ಟೇ ಕೇಳಸ್ತೈತಿ ನಿಮ್ಮಪ್ಪಗ." ಇದು ಅವ್ವನ ಹಳೇ ತಕರಾರು. ಅದಕ್ಕೆ ಸಾಕ್ಷಿಯೂ ಇತ್ತು. ರಸ್ತೆಯಲ್ಲಿ ಲಾರಿ ಬಂದರೆ ಅಪ್ಪನಿಗೆ ಕೇಳುತ್ತದೆ. ಗೇಟಿನ ಹೊರಗೆ ನಿಂತು ಗೆಳೆಯ ಕೂಗಿದರೆ ಕೇಳುತ್ತದೆ. ಪಕ್ಕದಲ್ಲೇ ಕೂತ ನನ್ನ ಮಗಳ ಮಾತು ಮಾತ್ರ ಕೇಳುವುದಿಲ್ಲ. ರಿಸಲ್ಟ್ ದಿನ ಅವಳು ಓಡಿ ಬಂದು "ತಾತಾ, ಪಾಸು!" ಅಂದಳು. ಅಪ್ಪ "ಕಾಸಾ?" ಅಂದು ಜೇಬಿಗೆ ಕೈ ಹಾಕಿ ಹತ್ತು ರೂಪಾಯಿ ಕೊಟ್ಟ. ಅವಳೇನು ಬೇಡ ಅನ್ನಲಿಲ್ಲ ಬಿಡಿ.

ಅಪ್ಪ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಮಷೀನ್ ನೋಡಿಕೊಂಡವನು. ಶೆಲ್ಲರ್, ಪಾಲಿಶರ್, ಜರಡಿ, ಎಲಿವೇಟರ್ ಎಲ್ಲಾ ಒಟ್ಟಿಗೆ ಓಡುವಾಗ ಅಲ್ಲಿ ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಒದರಬೇಕು. ಹೆಚ್ಚಿನ ಮಾತು ಕೈಸನ್ನೆಯಲ್ಲೇ ಮುಗಿಯುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ, ಅದೂ ತೌಡಿನ ಧೂಳು ಒಳಗೆ ಹೋಗಬಾರದು ಅಂತ.

ಅಂತೂ ಒಂದು ದಿನ ಒಪ್ಪಿಸಿ ಕೊಪ್ಪಳಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಮೊದಲು ಗುಗ್ಗೆ ತೆಗೆಸಿದರು, ಬ್ಯಾಟರಿ ಬೆಳಕು ಬಿಟ್ಟು ಕಿವಿಯ ತಮಟೆ ನೋಡಿದರು. ಎಷ್ಟೋ ಜನರದ್ದು ಇಲ್ಲೇ ಮುಗಿದುಹೋಗುತ್ತದಂತೆ. ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ಇಲ್ಲವೇ ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ತಮಟೆಗೆ ತೂತು ಬಿದ್ದಿರುತ್ತದೆ. ತೂತಾದರೆ ಆಪರೇಷನ್ ಮಾಡಿ ಮುಚ್ಚಬಹುದು. ಅಪ್ಪನ ತಮಟೆ ಚೆನ್ನಾಗಿತ್ತು. ಹಿಂದೆ ಟಿಬಿಗೆ ಇಂಜೆಕ್ಷನ್ ತಗೊಂಡಿದ್ದಿರಾ ಅಂತಲೂ ಕೇಳಿದರು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ತರದ ಕೆಲವು ಔಷಧಿ ಒಳಗಿವಿಗೆ ಪೆಟ್ಟು ಕೊಡುತ್ತವೆ. ಅಪ್ಪನಿಗೆ ಅದೂ ಇರಲಿಲ್ಲ. ಟೆಸ್ಟಿಗೆ ಕಳಿಸಿದರು.

ಟೆಸ್ಟ್ ಮಾಡುವ ಹುಡುಗಿ ನಮ್ಮ ಕಡೆಯವಳೇ. ಸದ್ದು ಒಳಗೆ ಬಾರದ ಒಂದು ಪುಟ್ಟ ಕೋಣೆಯಲ್ಲಿ ಅಪ್ಪನನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟಳು. "ಎಷ್ಟು ಸಣ್ಣ ಸದ್ದು ಕೇಳಿದ್ರೂ ಒತ್ರಿ ಯಜಮಾನ್ರ." ನಾನು ಗಾಜಿನ ಈಚೆ ಕೂತಿದ್ದೆ. ಅಪ್ಪ ಸದ್ದು ಬಂದಾಗ ಒತ್ತುತ್ತಿದ್ದ, ಬಾರದಿದ್ದಾಗಲೂ ಒತ್ತುತ್ತಿದ್ದ. ಅವಳು ಹೊರಗೆ ಕರೆದು ಕೇಳಿದಳು. "ಅದು ಯಾವಾಗ್ಲೂ ಇರ್ತೈತಲ್ಲವ್ವ. ಮಿಲ್ಲು ಬಂದಾದ್ರೂ ಕಿವ್ಯಾಗ ಗುಂಯ್ ಅಂತ ನಡದ ಇರ್ತೈತಿ" ಅಂದ. ನಮ್ಮ ಯಾರಿಗೂ ಇದನ್ನು ಅವನು ಹೇಳಿರಲೇ ಇಲ್ಲ. ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದನಂತೆ! ಕೊನೆಗೆ ಅವಳು ಬಿಟ್ಟು ಬಿಟ್ಟು ಬರುವ ಸದ್ದು ಹಾಕಿ, "ಕುಂಯ್, ಕುಂಯ್ ಅಂದ್ರ ಮಾತ್ರ ಒತ್ರಿ" ಅಂದು ಟೆಸ್ಟ್ ಮುಗಿಸಿದಳು.

ಆಮೇಲೆ ಆ ಹಾಳೆ ತೋರಿಸಿದಳು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಹಾಳೆಯ ಎಡತುದಿಗೆ 250 ಹರ್ಟ್ಸ್, ಅಂದರೆ ದಪ್ಪ ಸದ್ದು. ಬಲತುದಿಗೆ 8000, ಅಂದರೆ ಕೀರಲು ಸದ್ದು. ಗೆರೆ ಕೆಳಗಿಳಿದಷ್ಟೂ ಕಿವುಡು ಜಾಸ್ತಿ. ಅಪ್ಪನ ಗೆರೆ ಮೊದಲು ಮೇಲೇ ಸಾಗಿ, 2000 ದಾಟಿದ ಮೇಲೆ ಇಳಿಯುತ್ತಾ ಹೋಗಿ, 4000ದ ಹತ್ತಿರ ಗುಂಡಿಗೆ ಬಿದ್ದು, ಮತ್ತೆ ಸ್ವಲ್ಪ ಮೇಲೆ ಬಂದಿತ್ತು. ಎರಡೂ ಕಿವಿಯದ್ದು ಒಂದೇ ತರ. "ಏನ್ ಕೆಲಸ ಮಾಡ್ತಿದ್ರಿ?" ಅಂತ ಅವಳು ಕೇಳಿದ್ದು ಹಾಳೆ ನೋಡಿದ ಮೇಲೆಯೇ. ಬರೀ ವಯಸ್ಸಿನ ಕಿವುಡಾದರೆ ಗೆರೆ ಕೊನೆತನಕ ಇಳಿಯುತ್ತಲೇ ಹೋಗುತ್ತದೆ. 4000ದ ಗುಂಡಿ ಸಾಮಾನ್ಯವಾಗಿ ದೊಡ್ಡ ಸದ್ದಿನಲ್ಲಿ ದುಡಿದವರ ಗುರುತು.

ಕಿವಿಯ ಒಳಗೆ ಬಸವನಹುಳದ ಚಿಪ್ಪಿನ ಆಕಾರದ ಒಂದು ಭಾಗವಿದೆ. ಅದರಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ಕೂದಲು ಕೋಶಗಳಿರುತ್ತವೆ. ಗದ್ದೆಯಲ್ಲಿ ಒಂದು ದಿನ ಎಮ್ಮೆ ಹಾಯ್ದರೆ ಪೈರು ಮತ್ತೆ ತಲೆ ಎತ್ತುತ್ತದೆ, ದಿನಾ ಹಾಯ್ದರೆ ಏಳುವುದಿಲ್ಲ. ಇದೂ ಹಾಗೆಯೇ. ಒಮ್ಮೆ ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸಿಗಿಂತ ಹೆಚ್ಚು ಇರಬಾರದು ಅನ್ನುತ್ತಾರೆ. 3 ಡೆಸಿಬೆಲ್ ಏರಿದಂತೆಲ್ಲ ತಾಸು ಅರ್ಧಕ್ಕಿಳಿಯುತ್ತದೆ: 88ಕ್ಕೆ 4, 91ಕ್ಕೆ 2. ಹತ್ತಿ ಇಟ್ಟರೆ ಹೆಚ್ಚೇನೂ ತಡೆಯುವುದಿಲ್ಲ. ಇಯರ್‌ಪ್ಲಗ್ಗೇ ಬೇಕು. ಅಪ್ಪನ ಕೈಗೆ ಯಾರೂ ಅದನ್ನು ಕೊಡಲಿಲ್ಲ.

ಅವ್ವನ ತಕರಾರಿಗೂ ಆ ಹಾಳೆಯಲ್ಲೇ ಉತ್ತರವಿತ್ತು. ಅ, ಆ, ಉ ಇವೆಲ್ಲ ದಪ್ಪ ಸದ್ದು, ಚೆನ್ನಾಗಿ ಕೇಳುತ್ತವೆ. ಸ, ಶ, ತ, ಪ, ಕ ಇವುಗಳ ಸುಳಿವು ಇರುವುದು ಕೀರಲು ಸದ್ದಿನಲ್ಲಿ. ಹಾಗಾಗಿ ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನು ಮಾತಾಡಿದ್ದು ಗೊತ್ತಾಗುವುದಿಲ್ಲ. ಹೆಂಗಸರ, ಮಕ್ಕಳ ದನಿಯಾದರೆ ಇನ್ನೂ ಕಷ್ಟ. ಒದರಿದರೆ ದಪ್ಪ ಸದ್ದೇ ಜಾಸ್ತಿಯಾಗಿ ಅಪ್ಪನಿಗೆ ಸಿಟ್ಟು ಬರುತ್ತದೆ, ಅಷ್ಟೇ. ಎದುರು ಬಂದು, ಮುಖ ಬೆಳಕಿಗೆ ಇಟ್ಟು, ಸ್ವಲ್ಪ ನಿಧಾನಕ್ಕೆ ಹೇಳಬೇಕು. ಇದನ್ನು ನನ್ನ ಮಗಳು ಒಂದೇ ದಿನಕ್ಕೆ ಕಲಿತಳು. ಅವ್ವ ಇವತ್ತಿಗೂ ಅಡುಗೆಮನೆಯಿಂದಲೇ ಮಾತಾಡುತ್ತಾಳೆ.

ಕಿವಿಗೆ ಕೇಳುವ ಮಷೀನ್ ಹಾಕಿಸಿದೆವು. ಮೊದಲ ವಾರ ಅಪ್ಪ ಅದನ್ನು ಕಿತ್ತು ಕಿತ್ತು ಇಡುತ್ತಿದ್ದ. ಫ್ಯಾನು, ಪಾತ್ರೆ, ಪ್ಲಾಸ್ಟಿಕ್ ಚೀಲ ಎಲ್ಲಾ ಒಮ್ಮೆಲೇ ಕಿವಿಗೆ ಬಿದ್ದರೆ ಹಾಗೇ. ಮಿದುಳು ಒಗ್ಗಿಕೊಳ್ಳಲು ಕೆಲವು ವಾರ ಬೇಕು. ಬ್ಯಾಟರಿಯದ್ದೊಂದು ತಮಾಷೆ. ಮೇಲಿನ ಸ್ಟಿಕ್ಕರ್ ಕಿತ್ತರೆ ಸಣ್ಣ ತೂತಿನಿಂದ ಗಾಳಿ ಒಳಗೆ ಹೋಗಿ ಅದು ಶುರುವಾಗುತ್ತದೆ, ಮತ್ತೆ ಅಂಟಿಸಿದರೂ ಉಳಿತಾಯ ಅಷ್ಟರಲ್ಲೇ ಇದೆ. ಅಪ್ಪ ಹುಮ್ಮಸ್ಸಿನಲ್ಲಿ ಇಡೀ ಪಟ್ಟಿಯ ಸ್ಟಿಕ್ಕರ್ ಕಿತ್ತು ಡಬ್ಬಿಯಲ್ಲಿ ಜೋಡಿಸಿಟ್ಟಿದ್ದ.

ಅಂಗವಿಕಲರ ಕಾರ್ಡ್ ಸಿಗುತ್ತದಾ ಅಂತಲೂ ವಿಚಾರಿಸಿದೆ. 2016ರ ಕಾಯ್ದೆ ಪ್ರಕಾರ ಮಾತಿನ ಸದ್ದಿನ ಮಟ್ಟದಲ್ಲಿ ಎರಡೂ ಕಿವಿಗೆ 60 ಡೆಸಿಬೆಲ್ ನಷ್ಟವಾಗಿರಬೇಕು. ದಪ್ಪ ಸದ್ದು ಚೆನ್ನಾಗಿ ಕೇಳುವುದರಿಂದ ಅಪ್ಪನ ಸರಾಸರಿ ಅಲ್ಲಿಗೆ ಮುಟ್ಟುವುದಿಲ್ಲ. ಎದುರು ಕೂತು ಇದನ್ನೆಲ್ಲ ನಿಧಾನಕ್ಕೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದ.

"ಹಂಗಾದ್ರ ಇನ್ನೊಂದ್ ಐದ್ ವರ್ಷ ಮಿಲ್ಲಿಗೆ ಹೋಗಿದ್ರ ಕಾರ್ಡ್ ಸಿಗ್ತಿತ್ತು ನೋಡು" ಅಂದ. "ಸುಮ್ನಿರ್ರಿ" ಅಂದಳು ಅವ್ವ ಒಳಗಿನಿಂದ. ಅದು ಮಾತ್ರ ಕೇಳಿತು.