ಬಾಗಿಲಿಗೆ ಮೊದಲ ಕೈ ಯಾವುದು?

ದೀಪಾವಳಿ ಕಳೆದು ಮಳೆ ಬಿಟ್ಟಿತೆಂದರೆ ಬದಿಯಡ್ಕದ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಂಟಿನ ಸೀಸನ್ ಶುರು. ಮನೆ ಒಕ್ಕಲು, ಮದುವೆ ಎಲ್ಲ ಆಗಲೇ ಅಲ್ವಾ. ಬಂದವರು ಎನಾಮೆಲ್‌ನ ಶೇಡ್ ಕಾರ್ಡ್ ಹಿಡಿದು ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರ್ ಮಾತ್ರ "ಯಾವುದಾದ್ರೂ ಕೊಡಿ ಅಣ್ಣ". ನನ್ನ ತಕರಾರು ಅಲ್ಲೇ.

ಎರಚಲು ಬಡಿಯುವ ಹೊರಬಾಗಿಲಾದರೆ ನಾನು ಕೊಡುವುದು ಅಲ್ಯುಮಿನಿಯಂ ವುಡ್ ಪ್ರೈಮರ್. ಅದರಲ್ಲಿರುವ ಚಪ್ಪಟೆ ಚೂರುಗಳು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಕೂತು ನೀರನ್ನು ತಡೆಯುತ್ತವೆ. ಒಳಗಿನ ಕಪಾಟಿಗೆ ಬಿಳಿ ವುಡ್ ಪ್ರೈಮರ್ ಸಾಕು. ಕಿಟಕಿ ಸರಳಿಗೆ ತಂದ ರೆಡ್ ಆಕ್ಸೈಡ್ ಮಿಕ್ಕಿದೆ, ದಾರಂದಕ್ಕೂ ಅದನ್ನೇ ಬಳಿಯಲಾ ಅಂತ ಕೇಳುವವರಿದ್ದಾರೆ. ಬೇಡ, ಅದು ಕಬ್ಬಿಣದ್ದು. ತೇಗವಾದರೆ ಮೊದಲು ತಿನ್ನರ್ ಬಟ್ಟೆಯಲ್ಲಿ ಒರೆಸಿ. ಮರದ ಎಣ್ಣೆ ಮೇಲಿದ್ದರೆ ಪ್ರೈಮರ್ ಹಿಡಿಯುವುದಿಲ್ಲ.

ಗುಂಡಿ, ಬಿರುಕು ತುಂಬುವ ಪುಟ್ಟಿ ಹಾಕುವುದು ಪ್ರೈಮರ್ ಆದ ಮೇಲೆ. ಬರಿ ಮರಕ್ಕೆ ಹಾಕಿದರೆ ಪುಟ್ಟಿಯ ಎಣ್ಣೆಯನ್ನೆಲ್ಲ ಮರವೇ ಕುಡಿದು, ಅದು ಒಣಗಿ ಉದುರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಬಿಟ್ಟುಹೋಗುವ ಜಾಗ ಬಾಗಿಲಿನ ಅಡಿ. ಅಲ್ಲಿ ಮರ ಅಡ್ಡ ಕೊಯ್ದಿರುತ್ತದೆ, ನಾಳಗಳ ಬಾಯಿ ತೆರೆದೇ ಇರುತ್ತದೆ. ಆಟಿಯ ಮಳೆಗೆ ಬಾಗಿಲು ಉಬ್ಬಿ ಹಿಡಿಯುತ್ತದೆ, ಆಚಾರಿ ಬಂದು ಕೀಸುಳಿ ಹಾಕುತ್ತಾರೆ. ಕೀಸಿದ ಕಡೆ ಮತ್ತೆ ಬರಿ ಮರ! ಮುಂದಿನ ವರ್ಷ ಅದೇ ಕಥೆ. ಬಾಗಿಲು ಕೂರಿಸುವ ಮೊದಲೇ ಅಡಿಗೂ ತಲೆಗೂ ಎರಡು ಕೈ ಪ್ರೈಮರ್ ಕುಡಿಸಿ. ಆಮೇಲೆ ಬ್ರಶ್ ಹೋಗುವುದಿಲ್ಲ.

ಇನ್ನು ಅಂಡರ್‌ಕೋಟ್, ಅಂದರೆ ಪ್ರೈಮರಿಗೂ ಕೊನೆಯ ಬಣ್ಣಕ್ಕೂ ನಡುವಿನ ಕೈ. "ಅದೆಲ್ಲ ಯಾಕೆ, ಇನ್ನೊಂದು ಕೈ ಪ್ರೈಮರ್ ಹೊಡೆಯೋಣ" ಅನ್ನುವ ಪೈಂಟರ್‌ಗಳೇ ಹೆಚ್ಚು. ಬಿಳಿಯ ಮೇಲೆ ಕ್ರೀಮ್ ಬಳಿಯುವುದಾದರೆ ನಡೆದೀತು. ಆದರೆ ಪ್ರೈಮರ್ ಮರವನ್ನು ಹಿಡಿಯಲಿಕ್ಕೆ, ಅಂಡರ್‌ಕೋಟ್ ಕೆಳಗಿನ ಬಣ್ಣ ಮುಚ್ಚಲಿಕ್ಕೆ. ಹಳೇ ಕಡು ಹಸಿರು ಬಾಗಿಲನ್ನು ಕ್ರೀಮ್ ಮಾಡಬೇಕಾದರೆ ಅದು ಬೇಕೇ ಬೇಕು. ಇಲ್ಲದಿದ್ದರೆ ಹೊಳಪಿನ ದುಬಾರಿ ಪೈಂಟೇ ಒಂದು ಕೈ ಜಾಸ್ತಿ ಖರ್ಚು. ಕಡು ಬಣ್ಣಕ್ಕೆ ಬೂದು ಅಂಡರ್‌ಕೋಟ್ ಒಳ್ಳೆಯದು.

ಹಳೇ ಬಾಗಿಲು ಉಜ್ಜುವವರು ಸ್ವಲ್ಪ ಜಾಗ್ರತೆ. ಮನೆ ಪೈಂಟಿನಲ್ಲಿ ವಿಷದ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಪೈಂಟಿನಲ್ಲಿ ಎಷ್ಟಿತ್ತೋ! ವಾಟರ್ ಪೇಪರ್ ತಂದು ನೀರು ಹಾಕಿಯೇ ಉಜ್ಜಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಚೆನ್ನಾಗಿ ಒಣಗಿದ ಮೇಲೆ ಪ್ರೈಮರ್ ಡಬ್ಬ ತೆರೆದರಾಯಿತು.