ಬಾಟಲಿ ಕೊಳ್ಳುವ ಮೊದಲು ನಿಪ್ಪಲ್ ನೋಡಿ

ಮಗು ಹಾಲು ಕಕ್ಕುತ್ತದೆ, ಹೊಟ್ಟೆ ಉಬ್ಬುತ್ತದೆ, ಕಾಲು ಮಡಚಿಕೊಂಡು ಅಳುತ್ತದೆ ಎಂದು ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರವೋ ಮೆಡಿಕಲ್‌ನಲ್ಲಿ ಹೇಳಿ ನೋಡಿ. ಕೌಂಟರಿನ ಮೇಲೆ ಬರುವುದು ‘ಆ್ಯಂಟಿ ಕಾಲಿಕ್’ (ಹೊಟ್ಟೆನೋವಿನ ಅಳು ತಡೆಯುವಂಥದ್ದು) ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬ. ಅಗ್ಗದ್ದರ ಮೇಲೂ ಅದೇ ಬರಹ, ಅದರ ಐದು ಪಟ್ಟು ಬೆಲೆಯದ್ದರ ಮೇಲೂ ಅದೇ ಬರಹ. ಬಾಟಲಿಯೊಳಗೆ ಗಾಳಿ ಹೋಗಲು ಒಂದು ದಾರಿ ಇದ್ದರೆ ಸಾಕು, ಹಾಗೆ ಬರೆದುಕೊಳ್ಳುತ್ತಾರೆ. ಗ್ಯಾಸು ಕಡಿಮೆಯಾಗುವುದು ಹೆಚ್ಚಾಗಿ ನಿಪ್ಪಲಿನಿಂದ ಮತ್ತು ಕುಡಿಸುವವರ ಕೈಯಿಂದ. ಆ ಎರಡು ಸರಿಯಿದ್ದರೆ ಸಾಧಾರಣ ಬಾಟಲಿ ಸಾಕು; ಸರಿಯಿಲ್ಲದಿದ್ದರೆ ದುಬಾರಿಯದ್ದೂ ಸೋಲುತ್ತದೆ.

ಎದೆಹಾಲನ್ನು ನೇರವಾಗಿ ಕುಡಿಯುವ ಮಗುವಿಗೆ ಇದ್ಯಾವುದೂ ಬೇಡ. ಹುಟ್ಟಿದ ಮೊದಲ ದಿನಗಳಲ್ಲಿ ಸ್ವಲ್ಪಸ್ವಲ್ಪ ಹಾಲು ಕೊಡಬೇಕಾಗಿ ಬಂದರೆ ಬಾಟಲಿಗಿಂತ ಮೂತಿಯಿರುವ ಪುಟ್ಟ ಬಟ್ಟಲು, ಅಂದರೆ ಒಳಲೆಯೇ ಮೇಲು. ಅದರಲ್ಲಿ ಕೊಳೆ ಕೂರುವ ಸಂದಿಗೊಂದಿ ಇಲ್ಲ. ಕೆಳಗಿನದ್ದೆಲ್ಲ ಬಾಟಲಿ ತಪ್ಪದ ಮನೆಗಳಿಗೆ: ತಾಯಿ ಕೆಲಸಕ್ಕೆ ಮರಳಿ, ಹಿಂಡಿಟ್ಟ ಹಾಲನ್ನು ಅಜ್ಜಿ ಕುಡಿಸುವಲ್ಲಿ, ಅಥವಾ ಡಾಕ್ಟರು ಫಾರ್ಮುಲಾ (ಟಿನ್ನಿನಲ್ಲಿ ಬರುವ ಮಕ್ಕಳ ಹಾಲಿನ ಪುಡಿ) ಹೇಳಿರುವಲ್ಲಿ.

ಮೊದಲು ಗಾಳಿಯ ವಿಷಯ. ಮಗು ಚೀಪಿದಷ್ಟು ಹಾಲು ಹೊರಗೆ ಬಂದು ಬಾಟಲಿಯೊಳಗೆ ಅಷ್ಟು ಜಾಗ ಖಾಲಿಯಾಗುತ್ತದೆ. ಅಲ್ಲಿಗೆ ಹೊರಗಿನ ಗಾಳಿ ತುಂಬದಿದ್ದರೆ ನಿಪ್ಪಲ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತದೆ. ಮಗು ಇನ್ನೂ ಜೋರಾಗಿ ಎಳೆಯುತ್ತದೆ, ದಣಿದು ತುಟಿ ಸಡಿಲಿಸುತ್ತದೆ, ಚಕ್ ಎಂದು ಸದ್ದಾಗಿ ಬಾಯಿಯ ಅಂಚಿನಿಂದ ಗಾಳಿ ಹೊಟ್ಟೆಗೆ ಹೋಗುತ್ತದೆ.

ಮಾಮೂಲಿ ಬಾಟಲಿಗಳಲ್ಲಿ ಗಾಳಿಯ ದಾರಿ ಇರುವುದು ನಿಪ್ಪಲಿನ ಬುಡದಲ್ಲೇ. ನಿಪ್ಪಲನ್ನು ಕಳಚಿ, ಬುಡದ ಅಗಲ ಪಟ್ಟಿಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಎಳೆಯಿರಿ. ಸಣ್ಣದೊಂದು ಸೀಳೋ ಸೂಜಿಮೊನೆಯಷ್ಟು ತೂತೋ ಕಾಣಬೇಕು. ಹಾಲು ಸೋರಬಾರದೆಂದು ರಿಂಗನ್ನು ಗಟ್ಟಿಯಾಗಿ ತಿರುಗಿಸಿದರೆ ಈ ಪಟ್ಟಿ ಬಾಟಲಿಯ ಬಾಯಿಗೆ ಒತ್ತಿ ದಾರಿ ಮುಚ್ಚಿಹೋಗುತ್ತದೆ. ಹೊಸ ಬಾಟಲಿಗೆ ದುಡ್ಡು ಹಾಕುವ ಮುಂಚೆ ಪರೀಕ್ಷಿಸಬೇಕಾದದ್ದು ಇದು. ರಿಂಗ್ ಬಿಗಿದು ನಿಂತ ಮೇಲೆ ಕಾಲು ಸುತ್ತಿನಷ್ಟು ಹಿಂದಕ್ಕೆ ತಿರುಗಿಸಿ ಕುಡಿಸಿ ನೋಡಿ. ದಾರಿ ತೆರೆದಿದ್ದರೆ ನಿಪ್ಪಲಿನ ಬುಡದಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಹಾಲಿನೊಳಗೆ ಏಳುತ್ತವೆ. ಗುಳ್ಳೆಯೇ ಇಲ್ಲ, ನಿಪ್ಪಲ್ ಕುಸಿಯುತ್ತಿದೆ ಅಂದರೆ ಮುಚ್ಚಿದೆ. ಮಗು ಬಾಯಿ ಬಿಟ್ಟಾಗಲೆಲ್ಲ ನಿಪ್ಪಲಿನ ತುದಿಯಿಂದಲೇ ದೊಡ್ಡ ಗುಳ್ಳೆ ಬುಳಕ್ ಎಂದು ಒಳಗೆ ಹೋಗುತ್ತಿದ್ದರೂ ಅದೇ ದೋಷ.

ಬೇರೆ ಏರ್ಪಾಡುಗಳೂ ಇವೆ. ಡಾಕ್ಟರ್ ಬ್ರೌನ್ಸ್ ಎಂಬ ಕಂಪೆನಿಯ ಬಾಟಲಿಯ ನಡುವೆ ಒಂದು ಕೊಳವೆ. ಗಾಳಿ ಅದರ ಮೂಲಕ ಹಾಲನ್ನು ದಾಟಿ, ಮಗುಚಿ ಹಿಡಿದ ಬಾಟಲಿಯ ತಳಕ್ಕೆ ಹೋಗಿ ಸೇರುವುದರಿಂದ ಹಾಲಿನಲ್ಲಿ ಗುಳ್ಳೆ ಏಳುವುದಿಲ್ಲ. ಉಪಾಯ ಒಳ್ಳೆಯದೇ. ಆದರೆ ಬಾಟಲಿಯ ಮೇಲಿನ ಗೆರೆ ದಾಟಿ ತುಂಬಿದರೆ, ಕೊಳವೆ ಸಮೇತ ಕುಲುಕಿದರೆ, ಹಾಲು ಬಿಸಿಯಿರುವಾಗಲೇ ಮುಚ್ಚಿದರೆ ಸೋರುತ್ತದೆ. ಕೊಳವೆಯ ಒಳಗೆ ಹಾಕಲು ಬೇರೆಯೇ ಸಪೂರ ಬ್ರಷ್ ಬೇಕು. ಮ್ಯಾಮ್ ಕಂಪೆನಿಯಂಥವರ ಬಾಟಲಿಗಳಲ್ಲಿ ತಳ ಬಿಚ್ಚಿಕೊಳ್ಳುತ್ತದೆ, ಗಾಳಿ ಅಲ್ಲಿಂದ ಬರುತ್ತದೆ. ತಳದ ಸಿಲಿಕಾನ್ ಬಿಲ್ಲೆ ಒಂದಿಷ್ಟು ಓರೆಯಾಗಿ ಕೂತರೂ ಹಾಲೆಲ್ಲ ಮಡಿಲಿಗೆ. ರಾತ್ರಿ ಎರಡು ಗಂಟೆಗೆ ಒಬ್ಬರೇ ಎದ್ದು ತೊಳೆದು ಜೋಡಿಸಬೇಕಾದ ಮನೆಯಲ್ಲಿ ಕಡಿಮೆ ಭಾಗಗಳ ಬಾಟಲಿಯೇ ಗೆಲ್ಲುತ್ತದೆ. ಆರು ಭಾಗಗಳನ್ನು ಅರೆಬರೆ ತೊಳೆಯುವುದಕ್ಕಿಂತ ಮೂರನ್ನು ಸರಿಯಾಗಿ ತೊಳೆಯುವುದು ಮಗುವಿನ ಹೊಟ್ಟೆಗೆ ಕ್ಷೇಮ.

ಇನ್ನು ಹಾಲಿನ ವೇಗ. ಹೆಚ್ಚಿನವರು ಎಡವುವುದು ಇಲ್ಲೇ. ನಿಪ್ಪಲಿನ ಮೇಲೆ ‘ಸ್ಲೋ’, ‘ಮೀಡಿಯಂ’, ‘3 ತಿಂಗಳಿಗೆ’ ಎಂದೆಲ್ಲ ಇರುತ್ತದೆ. ಕಂಪೆನಿಗಳೆಲ್ಲ ಪಾಲಿಸುವ ಒಂದು ಅಳತೆ ಇದಕ್ಕಿಲ್ಲ. ಒಂದರ ‘ಸ್ಲೋ’ ಇನ್ನೊಂದರ ‘ಮೀಡಿಯಂ’ಗಿಂತ ಜೋರಾಗಿ ಹರಿಯುವುದುಂಟು. ತಿಂಗಳು ತುಂಬಿತೆಂದು ನಿಪ್ಪಲ್ ಬದಲಿಸಬೇಕಾಗಿಲ್ಲ, ಮಗು ಹೇಳಿದಾಗ ಬದಲಿಸಿ. ಮಗು ಹೇಳುವುದು ಹೀಗೆ: ಕಣ್ಣು ಅಗಲ, ಹುಬ್ಬು ಮೇಲೆ, ಕೈಬೆರಳು ಬಿಡಿಸಿ ಚಾಚಿದೆ, ಗಟಗಟ ನುಂಗುತ್ತಿದೆ, ತುಟಿಯ ಮೂಲೆಯಿಂದ ಹಾಲು ಇಳಿಯುತ್ತಿದೆ, ನಡುವೆ ಕೆಮ್ಮುತ್ತದೆ ಎಂದಾದರೆ ಹಾಲು ಜೋರಾಯಿತು. ಹಾಲಿನ ಜೊತೆ ಗಾಳಿಯನ್ನೂ ನುಂಗುತ್ತದೆ, ಹೊಟ್ಟೆ ತುಂಬಿದ ಸುಳಿವು ಸಿಗುವ ಮೊದಲೇ ಹೆಚ್ಚು ಕುಡಿದಿರುತ್ತದೆ, ಆಮೇಲೆ ಕಕ್ಕುತ್ತದೆ. ತದ್ವಿರುದ್ಧವಾಗಿ ನಾಲ್ಕು ಸಲ ಚೀಪಿದರೂ ಒಂದು ನುಂಗು ಇಲ್ಲ, ಕುಡಿಯುತ್ತಾ ಸಿಟ್ಟುಗೊಳ್ಳುತ್ತದೆ ಇಲ್ಲವೇ ನಿದ್ದೆಹೋಗುತ್ತದೆ, ಅರ್ಧ ಗಂಟೆ ಕಳೆದರೂ ಹಾಲು ಮುಗಿಯುವುದಿಲ್ಲ ಎಂದಾದರೆ ತೂತು ಸಣ್ಣದಾಯಿತು. ಸುಮಾರು 15ರಿಂದ 20 ನಿಮಿಷದಲ್ಲಿ ಮುಗಿದರೆ ಸರಿ. ಐದು ನಿಮಿಷದಲ್ಲಿ ಬಾಟಲಿ ಖಾಲಿ ಮಾಡಿತು ಎಂದು ಹಿಗ್ಗಬೇಡಿ.

ಸೂಜಿ ಕಾಯಿಸಿ ನಿಪ್ಪಲಿನ ತೂತು ದೊಡ್ಡದು ಮಾಡುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಹಾಲು ನಿಲ್ಲಲಿ ಎಂದು ಕುಚ್ಚಲಕ್ಕಿ ಗಂಜಿಯ ತಿಳಿಯನ್ನೋ ತೆಳ್ಳಗಿನ ರಾಗಿ ಮಣ್ಣಿಯನ್ನೋ ಬಾಟಲಿಗೆ ಹಾಕುತ್ತಾರೆ, ಅದು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಸೂಜಿ ಬರುತ್ತದೆ. ಹರಿದ ತೂತಿನ ಅಂಚು ದಿನದಿನಕ್ಕೆ ದೊಡ್ಡದಾಗುತ್ತದೆ, ಸಿಲಿಕಾನ್ ಚೂರು ಬಾಯಿಗೆ ಹೋಗಬಹುದು, ಮುಂದೆ ಅದೇ ನಿಪ್ಪಲಿನಲ್ಲಿ ಬರೀ ಹಾಲು ಕೊಟ್ಟಾಗ ಧಾರೆ ಗಂಟಲಿಗೇ ಬೀಳುತ್ತದೆ. ರಾಗಿ ಮಣ್ಣಿ 6 ತಿಂಗಳು ತುಂಬಿದ ಮೇಲೆ, ಬಟ್ಟಲು ಚಮಚದಲ್ಲಿ. ಹಾಲು ದಪ್ಪ ಮಾಡಬೇಕೇ ಎಂಬುದನ್ನು ಮಕ್ಕಳ ಡಾಕ್ಟರು ಹೇಳಬೇಕು.

ಎಷ್ಟು ಕೊಡಬೇಕು? ಮೊದಲ ವಾರ ಕಳೆದ ಮೇಲೆ ಬಾಟಲಿ ಹಾಲು ಮಾತ್ರ ಕುಡಿಯುವ ಮಗುವಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 150 ಮಿ.ಲೀ. ಎಂಬುದು ಅಂದಾಜು. 4 ಕಿಲೋದ ಮಗುವಿಗೆ 600 ಮಿ.ಲೀ. ಎಂಟು ಸಲಕ್ಕೆ ಹಂಚಿದರೆ ತಲಾ 75. ಕಕ್ಕುವ ಮಗುವಿಗೆ ಅದನ್ನೇ ಹತ್ತು ಸಲಕ್ಕೆ ಹಂಚಿ, ತಲಾ 60 ಕೊಡಿ. ಹೊಟ್ಟೆಯ ಬಾಯಿಯ ಸ್ನಾಯು ಇನ್ನೂ ಬಲಿತಿರುವುದಿಲ್ಲ, ತುಂಬಿದ ಹೊಟ್ಟೆ ಒತ್ತಿದಾಗ ಹಾಲು ಮೇಲೆ ಬರುತ್ತದೆ, 15 ಮಿ.ಲೀ. ಕಡಿಮೆಯಾದದ್ದೂ ಲೆಕ್ಕಕ್ಕೆ ಬರುತ್ತದೆ. ಬಾಟಲಿಯಲ್ಲಿ ಉಳಿದದ್ದನ್ನು ಮುಗಿಸಲೇಬೇಕೆಂಬ ಹಟ ದೊಡ್ಡವರದ್ದು. ಮಗು ಮುಖ ತಿರುಗಿಸಿದರೆ ಅಲ್ಲಿಗೆ ಬಿಡಿ.

ಫಾರ್ಮುಲಾ ಕಲಸುವಾಗ ಬಾಟಲಿಯನ್ನು ಕುಲುಕಿ ನೊರೆ ಎಬ್ಬಿಸಿ ಅದನ್ನೇ ಕುಡಿಸುವುದು ಗ್ಯಾಸಿಗೆ ಇನ್ನೊಂದು ದಾರಿ. ತೊಳೆದು ಕುದಿಸಿದ ಸ್ಟೀಲ್ ಲೋಟದಲ್ಲಿ ಕಲಸಿ. ನೀರು ಚೆನ್ನಾಗಿ ಕುದಿಸಿ ಇಳಿಸಿದ ಮೇಲೆ ಅರ್ಧ ಗಂಟೆ ಮೀರದ ಹಾಗೆ ಬಳಸಬೇಕು, ಆಗ ಅದು 70 ಡಿಗ್ರಿಗಿಂತ ಕೆಳಗಿಳಿದಿರಬಾರದು. ಪುಡಿಯಲ್ಲಿರಬಹುದಾದ ರೋಗಾಣು ಸಾಯಲು ಅಷ್ಟು ಬಿಸಿ ಬೇಕು. ಮೊದಲು ನೀರು ಅಳೆಯಿರಿ, ಆಮೇಲೆ ಪುಡಿ. ಇಲ್ಲಿ ಸಿಗುವ ಹೆಚ್ಚಿನ ಟಿನ್‌ಗಳಲ್ಲಿ 30 ಮಿ.ಲೀ. ನೀರಿಗೆ ಒಂದು ಚಮಚ, ಆದರೂ ನಿಮ್ಮ ಟಿನ್ ಓದಿಕೊಳ್ಳಿ. ಚಮಚ ಆ ಟಿನ್ನಿನದ್ದೇ ಆಗಬೇಕು, ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿರಬೇಕು. ಗೋಪುರ ತುಂಬಿದರೆ ಮಲ ಗಟ್ಟಿಯಾಗಿ ಹೊಟ್ಟೆ ಉಬ್ಬುತ್ತದೆ, ಆಗ ಬಾಟಲಿಗೆ ಬೈಗುಳ. ಚಮಚದಲ್ಲಿ ನಿಧಾನ ತಿರುಗಿಸಿ, ಲೋಟವನ್ನು ತಣ್ಣೀರಿನಲ್ಲಿಟ್ಟು ಆರಿಸಿ, ನೊರೆ ಇಳಿದ ಮೇಲೆ ಬಾಟಲಿಗೆ ಹೊಯ್ಯಿರಿ. ಸುಡುವ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಕುಲುಕುವುದು ಹೀಗೆ ತಪ್ಪಿದರೆ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳೂ ಕಡಿಮೆ. ಮಗು ಕುಡಿದು ಉಳಿಸಿದ್ದನ್ನು ಚೆಲ್ಲಿ. ಹಿಂಡಿಟ್ಟ ಎದೆಹಾಲಿನಲ್ಲಿ ಕೆನೆ ಬೇರೆಯಾಗಿರುತ್ತದೆ, ಅದಕ್ಕೂ ಕುಲುಕು ಬೇಡ. ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಬಾಟಲಿಯನ್ನು ಮೆಲ್ಲಗೆ ಸುತ್ತಿಸಿದರೆ ಸೇರಿಕೊಳ್ಳುತ್ತದೆ.

ನೀರಿನ ಬಗ್ಗೆ ಕರಾವಳಿಯವರಿಗೆ ಒಂದು ಮಾತು. ತುಂಬೆ ಅಣೆಕಟ್ಟಿನ ನೇತ್ರಾವತಿ ನೀರೋ ಬಜೆ ಅಣೆಕಟ್ಟಿನ ಸ್ವರ್ಣಾ ನೀರೋ ನಲ್ಲಿಯಲ್ಲಿ ಬರುವಾಗ ಚಿಂತೆಯಿಲ್ಲ. ಏಪ್ರಿಲ್-ಮೇಯಲ್ಲಿ ನಲ್ಲಿ ಕೈಕೊಟ್ಟು ಬಾವಿಗೆ ಬಂದಾಗ, ಕಡಲು ಅಥವಾ ಅಳಿವೆಯ ಹತ್ತಿರದ ಮನೆಯವರು ನೀರನ್ನು ನಾಲಿಗೆಗೆ ಹಾಕಿ ನೋಡಬೇಕು. ಉಪ್ಪು ತಾಗಿದರೆ ಆ ನೀರು ಫಾರ್ಮುಲಾಕ್ಕೆ ಆಗದು. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ.

ಕುಡಿಸುವಾಗ ಮಗುವನ್ನು ಮಲಗಿಸದೆ ತಲೆ ಎತ್ತರಿಸಿ ಅರೆಕೂತ ಹಾಗೆ ಹಿಡಿಯಿರಿ. ನಿಪ್ಪಲನ್ನು ಬಾಯಿಗೆ ತುರುಕದೆ ತುಟಿಗೆ ತಾಗಿಸಿ, ಅದು ಬಾಯಿ ದೊಡ್ಡದಾಗಿ ತೆರೆದಾಗ ಒಳಗಿಡಿ. ತುಟಿ ನಿಪ್ಪಲಿನ ಅಗಲ ಭಾಗಕ್ಕೆ ಮುಚ್ಚಿಕೊಳ್ಳಬೇಕು. ಬಾಟಲಿ ಹೆಚ್ಚು ಕಡಿಮೆ ಅಡ್ಡವಾಗಿರಲಿ, ನಿಪ್ಪಲಿನ ತುದಿ ಹಾಲಿನಲ್ಲಿ ಮುಳುಗುವಷ್ಟು ಮಾತ್ರ ಓರೆ. ನೆಟ್ಟಗೆ ಎತ್ತಿದಷ್ಟೂ ಹಾಲು ತಾನಾಗಿ ಸುರಿಯುತ್ತದೆ. 20-30 ಮಿ.ಲೀ.ಗೊಮ್ಮೆ ನಿಲ್ಲಿಸಿ ತೇಗಿಸಿ. ಬೆನ್ನು ಬಡಿಯುವುದಕ್ಕಿಂತ ಕೆಳಗಿಂದ ಮೇಲಕ್ಕೆ ಸವರುವುದು ವಾಸಿ. ಎರಡು ಮೂರು ನಿಮಿಷದಲ್ಲಿ ತೇಗು ಬರದಿದ್ದರೆ ಬಿಟ್ಟುಬಿಡಿ, ಎಲ್ಲ ಸಲವೂ ಬರುವುದಿಲ್ಲ.

ಕುಡಿದ ಮೇಲೆ 20-30 ನಿಮಿಷ ಹೆಗಲ ಮೇಲೆ ನೇರ. ಕೂಡಲೇ ಸೀರೆಯ ಜೋಲಿಗೆ ಹಾಕಿದರೆ ಮೈ ಬಾಗಿ ಹೊಟ್ಟೆ ಒತ್ತುತ್ತದೆ, ಕಾರ್ ಸೀಟಿನಲ್ಲೂ ಹಾಗೆಯೇ. ಶಿರಾಡಿಯೋ ಆಗುಂಬೆಯೋ ಹತ್ತುವ ಮೊದಲು ಕೆಳಗೇ ನಿಲ್ಲಿಸಿ ಕುಡಿಸಿ, ತೇಗಿಸಿ, ಅರ್ಧ ಗಂಟೆ ಕಳೆದು ಹೊರಡಿ. ಎಣ್ಣೆ ತಿಕ್ಕುವುದೂ ಹೊಟ್ಟೆ ತುಂಬಿದ ಕೂಡಲೇ ಬೇಡ. ಮಿಂದು ಹಸಿದು ಕಿರುಚುವ ಮಗುವಿಗೆ ಹಾಲು ಕಲಸಲು ಹೊರಡುವುದೂ ತಪ್ಪು. ಅಳುವಾಗಲೇ ಗಾಳಿ ನುಂಗಿರುತ್ತದೆ. ಮಲಗಿಸುವುದು ಮಾತ್ರ ಕಕ್ಕುವ ಮಗುವನ್ನೂ ಬೆನ್ನಿನ ಮೇಲೆ, ಸಮತಟ್ಟಾಗಿ, ತಲೆದಿಂಬಿಲ್ಲದೆ. ಗ್ಯಾಸಿಗೆಂದು ಬಜೆ ತೇದು ಜೇನಿನಲ್ಲಿ ನೆಕ್ಕಿಸಬೇಡಿ. ಒಂದು ವರ್ಷದೊಳಗೆ ಜೇನಿನಿಂದ ಬಾಟ್ಯುಲಿಸಂ ಎಂಬ ನಂಜಿನ ಅಪಾಯವಿದೆ.

ಆಟಿಯ ಮಳೆಯಲ್ಲಿ ಬಾಟಲಿ ಒಣಗುವುದಿಲ್ಲ ಎಂಬುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಒದ್ದೆಯಿರುವಾಗ ಮುಚ್ಚಳ ಹಾಕಿಟ್ಟರೆ ಗಾಳಿಯ ಸೀಳಿನಲ್ಲಿ ಕಪ್ಪು ಚುಕ್ಕೆ ಹಿಡಿಯುತ್ತದೆ. ಕಂಡ ದಿನವೇ ಆ ನಿಪ್ಪಲ್ ಎಸೆಯಿರಿ. ಕುಡಿಸಿದ ಕೂಡಲೇ ತಣ್ಣೀರಿನಲ್ಲಿ ತೊಳೆದು, ಆಮೇಲೆ ಸೋಪು ಬಿಸಿನೀರು, ನಿಪ್ಪಲನ್ನು ಒಳಹೊರಗು ಮಗುಚಿ ಉಜ್ಜಿ, ಸೀಳನ್ನು ಬೆರಳಲ್ಲಿ ಹಿಸುಕಿ ನೀರು ಹಾಯಿಸಿ. ಎಲ್ಲ ಬಿಡಿಭಾಗ ಪೂರ್ತಿ ಮುಳುಗುವಷ್ಟು ನೀರಿನಲ್ಲಿ 10 ನಿಮಿಷ ಕುದಿಸಿ. ಕರೆಂಟಿನ ಸ್ಟೆರಿಲೈಸರ್ ಇದ್ದರೂ ಮಳೆಗಾಲಕ್ಕೆ ಒಂದು ಪಾತ್ರೆ ಬೇರೆ ಇಟ್ಟುಕೊಳ್ಳಿ. ಬೈರಾಸಿನಲ್ಲಿ ಒರೆಸಬೇಡಿ. ಒಣಗದಿದ್ದರೆ ಕುಡಿಸುವ ಸ್ವಲ್ಪ ಮೊದಲು ಕುದಿಸಿ, ನೀರು ಕೊಡವಿ ಬಳಸಿದರಾಯಿತು. ನಿಪ್ಪಲ್ ಅಂಟಾದರೆ, ಉಬ್ಬಿದರೆ, ತೆಳುವಾದರೆ ಹೊಸದು ಬೇಕು. ಎರಡು ಮೂರು ತಿಂಗಳಿಗಿಂತ ಹೆಚ್ಚು ಎಳೆಯುವುದು ಬೇಡ.

ಕೊಳ್ಳುವಾಗ ಒಂದೇ ಬಾಟಲಿ ಕೊಳ್ಳಿ, 125 ಮಿ.ಲೀ.ಯದ್ದು, ಅತಿ ನಿಧಾನದ ನಿಪ್ಪಲಿನ ಜೊತೆ. ನಾಲ್ಕೈದು ದಿನ ನೋಡಿ ಆಮೇಲೆ ಉಳಿದವು. ಅದೇ ಕಂಪೆನಿಯ ನಿಪ್ಪಲ್ ಬಿಡಿಯಾಗಿ ನಿಮ್ಮೂರಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಒಂದರ ನಿಪ್ಪಲ್ ಇನ್ನೊಂದರ ರಿಂಗಿಗೆ ಕೂತಂತೆ ಕಂಡರೂ ಗಾಳಿಯ ದಾರಿ ಹೊಂದುವುದಿಲ್ಲ. ಐಎಸ್‌ಐ ಗುರುತು ನೋಡಿ. ಗಾಜು ಭಾರ, ಆದರೆ ಜಿಡ್ಡು ವಾಸನೆ ಹಿಡಿಯುವುದಿಲ್ಲ. ಕುಡಿಸುವವರು ವಯಸ್ಸಾದವರಾದರೆ ಪ್ಲಾಸ್ಟಿಕ್ಕೇ ಸಲೀಸು. ಅಂದ ಹಾಗೆ, 1992ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಹಾಲುಣಿಸುವ ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ. ಮೊಬೈಲಿನಲ್ಲಿ ಬಾಟಲಿಯನ್ನು ಹೊಗಳುವ ವಿಡಿಯೊ ಬಂದರೆ ಅಷ್ಟು ನೆನಪಿರಲಿ.

ಕಕ್ಕುವುದು ಸಾಮಾನ್ಯವಾಗಿ ನಾಲ್ಕನೇ ತಿಂಗಳ ಸುಮಾರಿಗೆ ಜೋರಾಗಿದ್ದು, ಕೂರಲು ಕಲಿತ ಮೇಲೆ ಇಳಿದು, ಬಹುತೇಕ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ನಿಲ್ಲುತ್ತದೆ. ತೂಕ ಏರುತ್ತಿದ್ದು ಮಗು ನಗುನಗುತ್ತಾ ಕಕ್ಕಿದರೆ ಬಟ್ಟೆ ಒಗೆಯುವ ಕೆಲಸ ಅಷ್ಟೆ. ಆದರೆ ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ಮೊದಲ ಎರಡು ತಿಂಗಳಲ್ಲಿ ಪ್ರತಿ ಸಲವೂ ದೂರಕ್ಕೆ ಚಿಮ್ಮಿದರೆ, ಹೊಟ್ಟೆ ಬಿಗಿದು ಗಟ್ಟಿಯಾದರೆ, ಕುಡಿಯಲು ಒಪ್ಪದಿದ್ದರೆ, ಉಸಿರಿಗೆ ಕಷ್ಟಪಟ್ಟರೆ, ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬಾಟಲಿ ಬದಲಿಸುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ. ತೂಕ ನಿಂತರೆ, ಮಲದಲ್ಲಿ ಲೋಳೆ ಕಂಡರೆ, ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ ಹೋದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಹೋಗುವಾಗ ಬಾಟಲಿ, ನಿಪ್ಪಲ್, ಟಿನ್ನು ಮತ್ತು ಅದರ ಚಮಚ ಚೀಲದಲ್ಲಿರಲಿ, ಕುಡಿಸುವಾಗಿನ ಒಂದು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ.